ತೊಟ್ಟಿಲಿಗೆ ಬಾಗಿದ ಹೆಂಗಸು ಯಾರು?

ಜೂನ್ ಒಂಬತ್ತು, ಸೋಮವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಜಾಗ ದಾವಣಗೆರೆಯ ವಿನೋಬನಗರ, ನಮ್ಮ ಮನೆಯ ಅಡುಗೆಮನೆಯ ಮೇಜು.

ಇಪ್ಪತ್ತೊಂಬತ್ತು ವರ್ಷದವಳು ‘ನಿವೃತ್ತಳಾದೆ’ ಎಂದು ಬರೆದರೆ ಓದುವವರಿಗೆ ನಗು ಬರಬಹುದು. ಬಿಟ್ಟ ಕೆಲಸಕ್ಕೆ ನಾನು ಮತ್ತೆ ಹೋಗುವುದಿಲ್ಲ, ಅದಕ್ಕೆ ಬೇರೆ ಪದ ಸಿಗಲಿಲ್ಲ. ನಾಲ್ಕು ವರ್ಷ ನಾಲ್ಕು ತಿಂಗಳು ನಾನು ಮಾಡಿದ್ದು ಇಷ್ಟು: ಟೀವಿಯಲ್ಲಿ ಬರುವ ‘ಮುಚ್ಚಿದ ಮಹಡಿ’ ಎಂಬ ಪತ್ತೇದಾರಿ ಧಾರಾವಾಹಿಯನ್ನು ನೋಡುವುದು, ಅದರಲ್ಲಿ ಯಾರು ಯಾರಿಗೆ ಬಚ್ಚಿಟ್ಟ ಮಗ, ಯಾರು ಯಾರಿಗೆ ಹೇಳದೇ ಉಳಿದ ತಂಗಿ ಎಂದು ಊಹಿಸುವುದು, ಆ ಊಹೆಯನ್ನು ನಮ್ಮ ಚಾನೆಲ್‌ನಲ್ಲಿ ಹತ್ತು ನಿಮಿಷದ ವಿಡಿಯೋ ಮಾಡಿ ಹಾಕುವುದು. ಈ ಕೆಲಸಕ್ಕೆ ಈಗ ಬಹಳ ಮಂದಿ ಬರುತ್ತಿದ್ದಾರೆ. ಕಳೆದ ಎರಡು ತಿಂಗಳಲ್ಲಿ ಏಳು ಜನ ‘ಹೇಗೆ ಮಾಡುವುದು, ಹೇಳಿಕೊಡಿ’ ಎಂದು ನನ್ನನ್ನು ಕೇಳಿದ್ದಾರೆ. ಏಳೂ ಜನಕ್ಕೆ ಸೇರಿಸಿ ಇದು ಉತ್ತರ. ಅವರು ಕೇಳಿದ್ದು ಇದಲ್ಲ ಎಂದು ನನಗೆ ಗೊತ್ತಿದೆ.

ನಾನು ಮೊದಲು ಸೇರಿದ್ದು ಮದುವೆ ಆಲ್ಬಂ ಜೋಡಿಸುವ ಕೆಲಸಕ್ಕೆ. ಸ್ಟುಡಿಯೋ ಇರ್ಫಾನ್ ಭಾಯ್ ಅವರದು. ಇಪ್ಪತ್ತೆರಡು ವರ್ಷ ದಾವಣಗೆರೆ, ಹರಿಹರ ಮತ್ತು ಸುತ್ತಲ ಹಳ್ಳಿಗಳ ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೋ ತೆಗೆದವರು. ಎಲ್ಲ ಜಾತಿಯ ಶಾಸ್ತ್ರಗಳೂ ಅವರಿಗೆ ಬಾಯಿಪಾಠ. ಕೆಲವು ಮನೆಗಳಲ್ಲಿ ಹಿರಿಯರಿಗೆ ಮುಂದಿನ ಶಾಸ್ತ್ರ ಮರೆತಾಗ ಇವರೇ ಕ್ಯಾಮೆರಾ ಹಿಂದಿನಿಂದ ಹೇಳಿಕೊಟ್ಟಿದ್ದನ್ನು ನಾನು ಕಂಡಿದ್ದೇನೆ.

ಮೊದಲ ವಾರವೇ ಅವರು ಕಲಿಸಿದ ಪಾಠ ನನ್ನ ದಿನಚರಿಯಲ್ಲಿದೆ: “ಮುಖ ನೋಡಬ್ಯಾಡ ಶೈಲಾ, ನಿಂತ ಜಾಗ ನೋಡು. ಹುಡುಗೀನ ಮಂಟಪಕ್ಕೆ ಕರ್ಕಂಡು ಬರೋನು ಸೋದರಮಾವ. ಅವನ್ನ ಬಿಟ್ಟು ಪಕ್ಕದೋನ್ನ ದೊಡ್ಡದಾಗಿ ಹಾಕಿದ್ರೆ ಆಲ್ಬಂ ವಾಪಸ್ ಬರ್ತೈತೆ. ಅದರ ಜತಿಗೆ ಬೈಗುಳನೂ ಬರ್ತಾವೆ.”

ಕೊರೊನಾ ಬಂದು ಮದುವೆಗಳು ಮನೆಯೊಳಗೇ ಮುಗಿಯತೊಡಗಿದಾಗ ಸ್ಟುಡಿಯೋದಲ್ಲಿ ಕೆಲಸ ಕಡಿಮೆಯಾಯಿತು. ನಾವಿಬ್ಬರೂ ಕೂತು ಹಿಂದಿನ ದಿನದ ‘ಮುಚ್ಚಿದ ಮಹಡಿ’ಯನ್ನು ನೋಡುತ್ತಿದ್ದೆವು. ಒಂದು ದೊಡ್ಡ ಮನೆ, ಮಹಡಿಯ ಕೋಣೆಯಲ್ಲಿ ಯಜಮಾನ ಸತ್ತು ಬಿದ್ದಿದ್ದಾನೆ, ಮನೆಯವರೆಲ್ಲ ಏನನ್ನೋ ಬಚ್ಚಿಡುತ್ತಿದ್ದಾರೆ. ಇದು ಕಥೆ. ಒಂದು ಕಂತಿನಲ್ಲಿ ಮದುವೆ ಬಂತು. ಮದುಮಗಳನ್ನು ಮಂಟಪಕ್ಕೆ ಕರೆತಂದದ್ದು ಮನೆಯ ಅಡುಗೆಯವನು. ಇರ್ಫಾನ್ ಭಾಯ್ ಟೀ ಲೋಟವನ್ನು ಕೆಳಗಿಟ್ಟರು.

“ಶೈಲಾ, ಅಡಿಗಿಯೋನು ಆ ಹುಡುಗಿಗೆ ಸೋದರಮಾವ ಕಣವ್ವ.”

“ಅಡಿಗಿಯೋನಾ? ಬಿಡಿ ಭಾಯ್.”

“ಹದಿನೆಂಟು ವರ್ಷ ತೆಗ್ದೀನಿ. ಮಾವ ಅಲ್ದೋನು ಆ ಕೈ ಹಿಡಿಯಲ್ಲ.”

ಇದನ್ನೇ ನಾವು ಮೊದಲ ವಿಡಿಯೋ ಮಾಡಿದೆವು. ನೋಡಿದವರು ನಲವತ್ತೆಂಟು ಜನ. ತೊಂಬತ್ತಮೂರು ಕಂತುಗಳ ನಂತರ ಧಾರಾವಾಹಿಯೇ ಅದನ್ನು ಹೇಳಿತು: ಅಡುಗೆಯವನು ಮದುಮಗಳ ತಾಯಿಯ ತಮ್ಮ. ಆ ವಾರ ನಮ್ಮ ಹಳೆಯ ವಿಡಿಯೋವನ್ನು ಎಲ್ಲರೂ ಹುಡುಕಿಕೊಂಡು ಬಂದು ನೋಡಿದರು. ಅಲ್ಲಿಂದ ಮುಂದೆ ಆಲ್ಬಂ ಕೆಲಸ ಪಕ್ಕಕ್ಕೆ ಸರಿಯಿತು.

ನಾವು ಎಡವಿದ್ದನ್ನೂ ಹೇಳಬೇಕು, ಏಕೆಂದರೆ ಈ ಕೆಲಸದಲ್ಲಿ ಎಡವುವುದೇ ಹೆಚ್ಚು. ಎರಡನೆಯ ವರ್ಷ ಯಜಮಾನನ ಹಳೆಯ ದೃಶ್ಯವೊಂದರಲ್ಲಿ ಅವನ ಕೆನ್ನೆಯ ಮಚ್ಚೆ ಎಡಗಡೆ ಇರದೆ ಬಲಗಡೆ ಇತ್ತು. ಅವನಿಗೆ ಅವಳಿ ತಮ್ಮ ಇದ್ದಾನೆ, ಸತ್ತವನು ಆ ತಮ್ಮ ಎಂದು ನಾನು ಮೂರು ಭಾಗಗಳ ವಿಡಿಯೋ ಮಾಡಿದೆ. ಮೂರನೆಯದು ಹಾಕಿದ ಮೇಲೆ ಒಬ್ಬರು ಬರೆದರು: ‘ಮೇಡಂ, ಹಿಂದೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದಿ.’ ಕ್ಯಾಲೆಂಡರಿನ ಅಕ್ಷರಗಳೂ ತಿರುಗುಮುರುಗಾಗಿದ್ದವು. ಸಂಕಲನ ಮಾಡಿದವರು ದೃಶ್ಯವನ್ನೇ ಮಗುಚಿ ಹಾಕಿದ್ದರು, ಅಷ್ಟೇ. ಇರ್ಫಾನ್ ಭಾಯ್ ಎರಡು ವಾರ ನನ್ನನ್ನು “ಬರ್ರಿ ಅವಳಿ ಮೇಡಂ” ಎಂದು ಕರೆದರು.

ನಮ್ಮ ಊಹೆಗಳು ಒಟ್ಟು ನೂರ ಎಂಬತ್ತೆಂಟು. ನಿಜವಾದವು ಇಪ್ಪತ್ತಮೂರು. ಸುಳ್ಳಾದವು ತೊಂಬತ್ತೇಳು. ಉಳಿದ ಅರವತ್ತೆಂಟನ್ನು ಧಾರಾವಾಹಿಯವರೇ ಮರೆತರು. ಸುಳ್ಳಾದವನ್ನು ಯಾರೂ ನೆನಪಿಡುವುದಿಲ್ಲ. ಇದು ಆರಂಭದಲ್ಲಿ ನನಗೆ ಸಮಾಧಾನ ಕೊಡುತ್ತಿತ್ತು.

ಕೆಲಸದ ರೀತಿ ನಾಲ್ಕು ವರ್ಷದಲ್ಲಿ ಬಹಳ ಬದಲಾಯಿತು. ಮೊದಲು ನನ್ನ ಬಳಿ ಇದ್ದದ್ದು ಒಂದು ನೋಟ್‌ಬುಕ್ಕು ಮತ್ತು ಗೋಡೆಯ ಮೇಲೆ ಡ್ರಾಯಿಂಗ್ ಹಾಳೆಯಲ್ಲಿ ಬರೆದ ವಂಶವೃಕ್ಷ. ಒಂದು ಊಹೆಗೆ ಮೂರು ದಿನ ಯೋಚಿಸುತ್ತಿದ್ದೆವು. ಆಮೇಲೆ ಬೇರೆ ಊರುಗಳಲ್ಲೂ ಇಂಥ ಚಾನೆಲ್‌ಗಳು ಬಂದವು, ಮುಖ ಹೋಲಿಸುವ ಆ್ಯಪ್‌ಗಳು ಬಂದವು. ಸಂಜೆ ಕಂತು ಬಂದರೆ ಮರುದಿನ ಹನ್ನೊಂದು ಗಂಟೆಯೊಳಗೆ ಊಹೆ ಹೊರಗೆ ಬರಬೇಕಾಯಿತು. ವಿಡಿಯೋದ ಮುಖಚಿತ್ರದಲ್ಲಿ ಕೆಂಪು ಬಾಣ, ಕೆಂಪು ಸುತ್ತು ಇಲ್ಲದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

ನೋಡುವವರೂ ಬದಲಾದರು. ನಾನೇ ಅವರಿಗೆ ಪಾಠ ಮಾಡಿದ್ದೆ. ವಿಡಿಯೋ ನಿಲ್ಲಿಸಿ, ಹಿಂದೆ ಹೋಗಿ, ಯಾರು ಎಲ್ಲಿ ನಿಂತಿದ್ದಾರೆ, ಗೋಡೆಯ ಮೇಲೆ ಏನು ಬರೆದಿದೆ ನೋಡಿ ಎಂದು ಪ್ರತಿ ವಾರ ಹೇಳುತ್ತಿದ್ದೆ. ಅವರು ಚೆನ್ನಾಗಿ ಕಲಿತರು.

ಈಗ ಹರಿಹರದ ವಿಷಯ. ಇದನ್ನು ತಪ್ಪಿಸಿ ಮೇಲಿನದನ್ನಷ್ಟೇ ಬರೆದು ಮುಗಿಸಬಹುದಿತ್ತು. ಎರಡು ಸಲ ಹಾಗೇ ಬರೆದು ಹರಿದುಹಾಕಿದ್ದೇನೆ. ಆ ಮನೆಯವರ ಹೆಸರುಗಳನ್ನೂ ಊರನ್ನೂ ಬದಲಿಸಿದ್ದೇನೆ.

ಈ ವರ್ಷ ಜನವರಿಯಲ್ಲಿ ಧಾರಾವಾಹಿಯಲ್ಲಿ ಒಂದು ಹಳೆಯ ನಾಮಕರಣದ ದೃಶ್ಯ ಬಂತು. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಕುರ್ ಎಂದು ಹೆಸರು ಕರೆಯುವವಳು ಸೋದರತ್ತೆ, ಅಂದರೆ ಮಗುವಿನ ತಂದೆಯ ಅಕ್ಕ ಅಥವಾ ತಂಗಿ. ಅವಳು ತೊಟ್ಟಿಲಿಗೆ ಬಾಗಿದಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ. ಧಾರಾವಾಹಿಯಲ್ಲಿ ತೊಟ್ಟಿಲಿಗೆ ಬಾಗಿದ್ದು ನಾವು ಹಿಂದೆಂದೂ ನೋಡಿರದ ಒಬ್ಬ ಹೆಂಗಸು. ಒಂದೂ ಮಾತಿಲ್ಲ, ಹೆಸರಿಲ್ಲ. ಬೆನ್ನಿಗೆ ಮಾತ್ರ ಗುದ್ದು ಬಿತ್ತು.

ಯಜಮಾನನಿಗೆ ಯಾರಿಗೂ ತಿಳಿಯದ ತಂಗಿ ಇದ್ದಾಳೆ, ಕೊಲೆಗೆ ಅವಳೇ ಕಾರಣ ಎಂದು ನಾವು ವಿಡಿಯೋ ಮಾಡಿದೆವು. ‘ತೊಟ್ಟಿಲಿಗೆ ಬಾಗಿದ ಹೆಂಗಸು ಯಾರು?’ ಎಂದು ಹೆಸರಿಟ್ಟೆವು. ನಮ್ಮ ಚಾನೆಲ್‌ನಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ನಾಲ್ಕನೆಯ ದಿನ ಒಬ್ಬರು ಬರೆದರು: ‘ಇವರು ಹರಿಹರದಲ್ಲಿ ನಮ್ಮ ಬೀದಿಯ ಗಿರಿಜಮ್ಮ. ರವಿಕೆ ಹೊಲಿಯುತ್ತಾರೆ.’

ಫೆಬ್ರವರಿ ನಾಲ್ಕು, ಮಂಗಳವಾರ, ನಾನು ಕ್ಯಾಮೆರಾ ತೆಗೆದುಕೊಂಡು ಒಬ್ಬಳೇ ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ಇರ್ಫಾನ್ ಭಾಯ್ ಅವರಿಗೆ ಅಂದು ಒಂದು ಮದುವೆಯ ಶೂಟಿಂಗ್ ಇತ್ತು.

ಗಿರಿಜಕ್ಕನಿಗೆ ನಲವತ್ತೈದರ ಸುಮಾರು. ಗಂಡ ಲಾರಿ ಓಡಿಸುತ್ತಾರೆ, ಅಂದು ಊರಲ್ಲಿರಲಿಲ್ಲ. ಒಬ್ಬಳೇ ಮಗಳು ಸಹನಾ, ಎರಡನೇ ಪಿಯುಸಿ, ಕಾಲೇಜಿಗೆ ಹೋಗಿದ್ದಳು. ಹೊಲಿಗೆ ಮಷೀನಿನ ಮೇಲಿನ ಬಟ್ಟೆ ಸರಿಸಿ ನನಗೆ ಕುರ್ಚಿ ಹಾಕಿದರು.

“ನಾನೇನು ಆ್ಯಕ್ಟ್ರಸ್ಸಾ ತಂಗಿ? ಮೂರು ದಿನ ಹಳೆ ಮನಿಯಾಗೆ ಶೂಟಿಂಗ್ ಇತ್ತು, ಗುಂಪಿನಾಗೆ ನಿಲ್ಲಾಕ ಹೆಂಗಸರು ಬೇಕು ಅಂದ್ರು, ಹೋದೆ. ಊಟ ಚೊಲೋ ಇತ್ತು.”

“ತೊಟ್ಟಿಲ ಹತ್ರ ನಿಮ್ಮನ್ನೇ ಯಾಕ ನಿಲ್ಲಿಸಿದ್ರು ಅಕ್ಕ?”

“ಅವರೆಲ್ಲ ಬೆಂಗಳೂರು ಕಡೆ ಹುಡುಗ್ರು. ಹೆಸರಿಡೋದು ಹೆಂಗೆ ಅಂತ ಯಾರಿಗಾದ್ರೂ ಗೊತ್ತೈತಾ ಅಂದ್ರು. ಉಳಿದೋರು ನಾಚ್ಕಂಡ್ರು. ನಾನು ಒಮ್ಮೆ ಮಾಡಿದ್ದೆ ನೋಡು, ಮುಂದೆ ಹೋದೆ.”

ಅಲ್ಲಿಗೆ ನಮ್ಮ ಊಹೆ ಸತ್ತಿತು. ಬಚ್ಚಿಟ್ಟ ತಂಗಿ ಇಲ್ಲ, ಕೊಲೆಗಾರ್ತಿ ಇಲ್ಲ. ಶಾಸ್ತ್ರ ಗೊತ್ತಿದ್ದ ಒಬ್ಬ ಹೆಂಗಸು ಮುಂದೆ ಹೋಗಿ ನಿಂತಿದ್ದಳು. ನಾನು ಬಂದ ದಾರಿಯಲ್ಲೇ ವಾಪಸ್ ಹೋಗಬಹುದಿತ್ತು. ಆದರೆ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ನಿಜವಾದ ನಾಮಕರಣದ ಫೋಟೋ ಇದ್ದರೆ ನಮ್ಮ ನೋಡುಗರಿಗೆ ಶಾಸ್ತ್ರವನ್ನಾದರೂ ತೋರಿಸಬಹುದು ಎಂದೆ. ಅವರು ಟ್ರಂಕಿನಿಂದ ಒಂದು ಆಲ್ಬಂ ತಂದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಓಡುತ್ತಲೇ ಇತ್ತು.

ಆಲ್ಬಮ್ಮಿನಲ್ಲಿ ಮದುವೆ, ಸೀಮಂತ, ಯಾರದೋ ಗೃಹಪ್ರವೇಶದ ಫೋಟೋಗಳಿದ್ದವು. ಪ್ಲಾಸ್ಟಿಕ್ ಪದರದಲ್ಲಿ ಒಂದು ಫೋಟೋದ ಹಿಂದೆ ಇನ್ನೊಂದನ್ನು ಇಡುವುದು ಬಹಳ ಮನೆಗಳ ರೂಢಿ. ಅದನ್ನು ಬೆರಳಿಂದ ಒತ್ತಿ ನೋಡಿ ಹೊರಗೆ ಎಳೆಯುವುದು ಆಲ್ಬಂ ಕೆಲಸದವರ ರೂಢಿ. ಒಂದು ಪದರ ದಪ್ಪಗಿತ್ತು. ಕೇಳದೆ ಎಳೆದೆ.

ಚಿಕ್ಕ ವಯಸ್ಸಿನ ಗಿರಿಜಕ್ಕ ತೊಟ್ಟಿಲಿಗೆ ಬಾಗಿದ್ದರು. ಬೆನ್ನ ಮೇಲೆ ನಾಲ್ಕು ಕೈಗಳು. ತೊಟ್ಟಿಲ ಪಕ್ಕ ಬೇರೊಬ್ಬ ಬಾಣಂತಿ ಕೂತಿದ್ದಳು. ಹಿಂದೆ ಪರದೆಯ ಮೇಲೆ ಥರ್ಮೋಕೋಲ್ ಅಕ್ಷರಗಳಲ್ಲಿ ‘ಸಹನಾ’ ಎಂದಿತ್ತು.

“ಓ, ನೀವು ಸೋದರತ್ತೆ!” ಎಂದೆ. ಊಹೆ ಸರಿಹೋದಾಗಿನ ನನ್ನ ಎಂದಿನ ಧ್ವನಿಯಲ್ಲಿ ಎಂದೆ. ರೆಕಾರ್ಡಿಂಗಿನಲ್ಲಿ ಅದನ್ನು ಆಮೇಲೆ ಕೇಳಿದ್ದೇನೆ, ನಗುವೂ ಇದೆ.

ಗಿರಿಜಕ್ಕ ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಆಲ್ಬಂ ಮುಚ್ಚಿದರು.

“ನಮ್ಮಣ್ಣನ ಮೂರನೇ ಮಗಳು. ನನಗೆ ಮಕ್ಕಳಾಗಲಿಲ್ಲ. ಮೂರು ತಿಂಗಳ ಕೂಸು ಇದ್ದಾಗ ಕುಕ್ಕುವಾಡದಿಂದ ತಂದು ನನ್ನ ಮಡಿಲಿಗೆ ಹಾಕಿದ. ಹುಡುಗಿಗೆ ಗೊತ್ತಿಲ್ಲ ತಂಗಿ. ಇದನ್ನ ಹಾಕಬ್ಯಾಡ. ಮುಂದಿನ ತಿಂಗಳು ಪರೀಕ್ಷೆ ಮುಗೀಲಿ, ನಾನೇ ಹೇಳ್ತೀನಿ. ನನ್ನ ಬಾಯಿಂದನೇ ಕೇಳಬೇಕು ಅವಳು.”

“ಇಲ್ಲಕ್ಕ, ಖಂಡಿತ ಹಾಕಲ್ಲ” ಎಂದೆ. ಅವರು ನನಗೆ ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ ಕೊಟ್ಟು ಕಳಿಸಿದರು.

ಆಮೇಲಿನ ಮೂರು ದಿನಗಳಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಬುಧವಾರ ಅವರು ಮಾತಾಡಿದ್ದನ್ನು ಕತ್ತರಿಸಿ ತೆಗೆದೆ. ಗುರುವಾರ ಉಳಿದದ್ದನ್ನು ಜೋಡಿಸಿ ನೋಡಿದೆ. ಸಪ್ಪೆಯಾಗಿತ್ತು. ಊಹೆ ಸುಳ್ಳು ಎಂದು ಒಪ್ಪಿಕೊಳ್ಳುವ ವಿಡಿಯೋಕ್ಕೆ ಏನಾದರೂ ಗಟ್ಟಿಯಾದದ್ದು ಬೇಕಿತ್ತು. ಆ ಫೋಟೋದಲ್ಲಿ ಬೆನ್ನ ಮೇಲಿನ ನಾಲ್ಕು ಕೈಗಳು ಅಷ್ಟು ಸ್ಪಷ್ಟವಾಗಿದ್ದವು. ನಾಲ್ಕು ವರ್ಷದಲ್ಲಿ ಅಂಥದ್ದು ನನಗೆ ಸಿಕ್ಕಿರಲಿಲ್ಲ. ಆರು ಸೆಕೆಂಡು ಇಟ್ಟುಕೊಂಡೆ. ‘ಸಹನಾ’ ಎಂಬ ಅಕ್ಷರಗಳ ಮೇಲೆ ಮಸುಕು ಹಾಕಿದೆ. ಹೆಸರು ಕಾಣದಿದ್ದರೆ ಅದು ಯಾರದೋ ನಾಮಕರಣ, ಕೊಟ್ಟ ಮಾತು ಉಳಿಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಇರ್ಫಾನ್ ಭಾಯ್ ನೋಡಿದರು. “ಆ ಫೋಟೋಕ್ಕೆ ಮನಿಯೋರು ಹೂಂ ಅಂದಾರೇನು?”

“ಹೂಂ ಅಂದಾರೆ ಭಾಯ್.”

ಅವರು ಮತ್ತೆ ಕೇಳಲಿಲ್ಲ. ಸಂಜೆ ಐದಕ್ಕೆ ವಿಡಿಯೋ ಹಾಕಿದೆ.

ನಾನು ಫೋಟೋವನ್ನು ಹೊರಗೆ ಎಳೆಯುವಾಗ ಕೈ ಅಲುಗಿತ್ತು. ಫೋಟೋ ಅಲುಗಿದಾಗ ಮಸುಕು ಅದರ ಜೊತೆ ಸರಿಯಲಿಲ್ಲ. ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಅಕ್ಷರಗಳು ಹೊರಗೆ ಇಣುಕಿದವು. ನಿಲ್ಲಿಸಿ ನೋಡಿದವರಿಗೆ ಮಾತ್ರ ಕಾಣುವಂಥದ್ದು. ನಮ್ಮ ನೋಡುಗರು ನಿಲ್ಲಿಸಿ ನೋಡುವವರು.

ಐದು ನಲವತ್ತೊಂದಕ್ಕೆ ಮೊದಲ ಕಾಮೆಂಟು ಬಂತು: ‘ಪರದೆ ಮೇಲೆ ಸಹನಾ ಅಂತ ಇದೆ.’ ಅದರ ಕೆಳಗೆ ಇನ್ನೊಂದು: ‘ಗಿರಿಜಮ್ಮನ ಮಗಳ ಹೆಸರೂ ಸಹನಾ.’ ಅದರ ಕೆಳಗೆ ಮೂರನೆಯದು: ‘ಹೆಸರಿಡೋದು ಸೋದರತ್ತೆ ತಾನೆ? ಹಾಗಾದ್ರೆ ಅವಳು ಮಗಳಲ್ಲ. ಅಣ್ಣನ ಮಗಳು. ಶೈಲಾ ಮೇಡಂ ಸುಳಿವು ಕೊಟ್ಟಿದ್ದಾರೆ ನೋಡಿ, ಸೂಪರ್!’ ಅದಕ್ಕೆ ಚಪ್ಪಾಳೆಯ ಚಿತ್ರಗಳು.

ನಾನು ಅದನ್ನು ಕಂಡದ್ದು ಮರುದಿನ ಬೆಳಿಗ್ಗೆ ಸ್ಟುಡಿಯೋ ತೆರೆದ ಮೇಲೆ. ವಿಡಿಯೋ ಅಳಿಸಲು ಕೈಹಾಕಿದಾಗ ಗಂಟೆ ಹತ್ತು ಇಪ್ಪತ್ತು. ಅಷ್ಟರಲ್ಲಿ ಕಾಲೇಜು ಬ್ಯಾಗು ಹಾಕಿಕೊಂಡ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

“ಶೈಲಾ ಮೇಡಂ ಅಂದ್ರೆ ನೀವಾ?”

“ಹೌದು. ಕೂಡ್ರಿ.”

“ಕೂಡಾಕ ಬಂದಿಲ್ಲ. ನಾನು ಸಹನಾ.” ಫೋನು ತೆಗೆದು ನನ್ನ ಮುಂದೆ ಹಿಡಿದಳು. ವಿಡಿಯೋ ಆ ಜಾಗದಲ್ಲೇ ನಿಂತಿತ್ತು. “ಈ ಕೂಸು ನಾನೇನ್ರಿ?”

“ನಿಮ್ಮ ಅಮ್ಮನ್ನ ಕೇಳವ್ವ.”

“ಯಾವ ಅಮ್ಮನ್ನ?”

ಅವಳು ಅಳಲಿಲ್ಲ.

“ನಮ್ಮ ಕ್ಲಾಸಿನ ಹುಡುಗೀರನ್ನೆಲ್ಲ ಮಾವನ ಮಗನ ಹೆಸರು ಹಿಡಿದು ಕಾಡಿಸ್ತಾರೆ ಮೇಡಂ. ನನಗೂ ಕುಕ್ಕುವಾಡದಾಗೆ ಮಾವ ಅದಾರೆ, ಅವರಿಗೂ ಒಬ್ಬ ಮಗ ಅದಾನೆ. ಮನಿಯಾಗೆ ಒಬ್ರೂ ಒಂದಿನ ನನ್ನ ಕಾಡಿಸಲಿಲ್ಲ. ನಾನು ಕರ್ರಗೆ ಅದೀನಲ್ಲ, ಅದಕ್ಕೆ ಅವನಿಗೆ ನಾನು ಬ್ಯಾಡ ಅನ್ಕಂಡಿದ್ದೆ.” ಫೋನು ಬ್ಯಾಗಿಗೆ ಹಾಕಿಕೊಂಡು ಕೇಳಿದಳು: “ನನಗಿಂತ ಮುಂಚೆ ಎಷ್ಟು ಜನಕ್ಕೆ ಗೊತ್ತಾತು?”

ಆ ಹೊತ್ತಿನಲ್ಲಿ ಯಾರೇ ಆದರೂ ಕ್ಷಮೆ ಕೇಳುತ್ತಾರೆ. ನಾನು ಪರದೆಯ ಕಡೆ ತಿರುಗಿ ನೋಡಿ, “ಹನ್ನೆರಡು ಸಾವಿರದ ನಾನೂರ ಆರು” ಎಂದೆ. ಅದು ಅಭ್ಯಾಸ. ನನ್ನ ಬಾಯಿಂದ ಲೆಕ್ಕ ಬಂತು.

ಅವಳು ಹೋದ ಮೇಲೆ ಇರ್ಫಾನ್ ಭಾಯ್ ಒಳಗಿನ ಕೋಣೆಯಿಂದ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

“ಹೂಂ ಅಂದಾರೆ ಅಂದಿದ್ದಿ.”

“ಸುಳ್ಳು ಹೇಳಿದೆ ಭಾಯ್.”

ಅವರು ಬೈಯಲಿಲ್ಲ. ಚಾನೆಲ್‌ನಿಂದ ಆ ವಿಡಿಯೋ ತೆಗೆದುಹಾಕಿದರು. ಆಮೇಲೆ ಒಂದೊಂದಾಗಿ ಉಳಿದ ನೂರ ತೊಂಬತ್ತು ವಿಡಿಯೋಗಳನ್ನೂ ತೆಗೆದುಹಾಕಿದರು. ಮಧ್ಯಾಹ್ನ ಮೂರರವರೆಗೆ ಹಿಡಿಯಿತು.

“ಇಪ್ಪತ್ತೆರಡು ವರ್ಷ ಊರ ಮಂದಿ ಎಲ್ಲ ಕ್ಯಾಮೆರಾದೋನು ಅಂತ ನನಗೆ ಬಾಗಿಲು ತೆಗೆದಾರೆ,” ಎಂದರು. “ದೇವರ ಮನಿ ತಂಕ ಬಿಟ್ಟಾರೆ. ಎಷ್ಟು ಮನಿಯಾಗೆ ಏನೇನು ನೋಡೀನಿ, ಗೊತ್ತೇನು? ಒಂದು ಮಾತು ಹೊರಗೆ ಆಡಿಲ್ಲ. ನಿಂತ ಜಾಗ ನೋಡೋದು ಕಲಿಸಿದೆ ನಿನಗೆ. ಬಾಯಿ ಮುಚ್ಕಳದು ಕಲಿಸಬೇಕು ಅಂತ ನನಗೆ ಹೊಳಿಲೇ ಇಲ್ಲ ನೋಡು.”

ಇದನ್ನು ಕೇಳಿದ ಏಳು ಜನಕ್ಕೆ ನಾನು ಕೊಡಬಹುದಾದ ಬುದ್ಧಿಮಾತು ಏನಾದರೂ ಇದ್ದರೆ ಅದು ಅವರ ಈ ಮಾತು. ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ. ಬಿಡು ಎಂದು ಅವರು ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.

ಪರೀಕ್ಷೆಗಳು ಮುಗಿಯುವವರೆಗೆ ಹರಿಹರಕ್ಕೆ ಹೋಗುವ ಧೈರ್ಯವಾಗಲಿಲ್ಲ. ಮಾರ್ಚ್ ಇಪ್ಪತ್ತಮೂರು, ಭಾನುವಾರ ಹೋದೆ. ಗಿರಿಜಕ್ಕ ಬಾಗಿಲು ತೆಗೆದು ಒಂದು ಕ್ಷಣ ನೋಡಿದರು. “ಬಾ” ಎಂದರು. ನೀರು ಕೊಟ್ಟರು.

ತಪ್ಪಾಯಿತು ಎಂದೆ. ಕಾಲಿಗೆ ಬೀಳಲು ಹೋದಾಗ ಪಾದ ಹಿಂದಕ್ಕೆ ತೆಗೆದುಕೊಂಡರು.

“ಪರೀಕ್ಷೆ ಬರೆದಾಳೆ. ಉಣ್ತಾಳೆ, ಕಾಲೇಜಿನ ಸುದ್ದಿ ಹೇಳ್ತಾಳೆ. ಆದ್ರೆ ಅವತ್ತಿಂದ ನನ್ನ ಏನಂತಾನೂ ಕರೆಯಲ್ಲ ತಂಗಿ. ಅಮ್ಮ ಅನ್ನಲ್ಲ, ಅತ್ತೆ ಅನ್ನಲ್ಲ. ಎದುರಿಗೆ ಬಂದು ನಿಂತು ಮಾತು ಶುರು ಮಾಡ್ತಾಳೆ.” ಮಷೀನಿನ ಮೇಲಿದ್ದ ರವಿಕೆಯ ದಾರ ಕಿತ್ತರು. “ಹದಿನೇಳು ವರ್ಷ ಒಂದು ಮಾತು ಕೂಡಿಸ್ತಿದ್ದೆ. ಹೆಂಗೆ ಹೇಳಬೇಕು, ಮೊದಲು ಯಾವುದು, ಆಮೇಲೆ ಯಾವುದು, ಅಂತ. ರವಿಕೆ ಹೊಲಿತಾ ಹೊಲಿತಾ ಮನಸ್ಸಿನಾಗೇ ಹೇಳ್ಕಂಡು ನೋಡ್ತಿದ್ದೆ. ಪೂರ್ತಿ ಆಗಿತ್ತು.”

“ಈಗ ಹೇಳಬಹುದಲ್ಲ ಅಕ್ಕ?”

“ಹೇಳಿದೆ. ‘ಗೊತ್ತೈತೆ’ ಅಂದ್ಲು.”

ಒಳಗಿನ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದಿತ್ತು. ಸಹನಾ ಅಲ್ಲಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ಹೊರಡುವಾಗ ಗಿರಿಜಕ್ಕ ಬಾಗಿಲವರೆಗೆ ಬಂದರು.

“ನಿನಗೆ ಏನಾದ್ರೂ ಮಾಡಬೇಕು ಅಂತ ಐತಲ್ಲ, ಒಂದು ಕೆಲಸ ಮಾಡು. ಅದು ಎಲ್ಲೆಲ್ಲಿ ಐತೋ ಅಲ್ಲೆಲ್ಲ ತೆಗಿ. ನಾಳೆ ಅವಳನ್ನ ನೋಡಾಕ ಬಂದೋರು, ನಾಡಿದ್ದು ಅವಳ ಮಕ್ಕಳು, ಯಾರೂ ಅದನ್ನ ಅವಳ ಮುಖಕ್ಕೆ ಹಿಡಿಬಾರದು.”

ನಾವು ತೆಗೆದ ಮೇಲೂ ಅದು ಹೋಗಿರಲಿಲ್ಲ. ಮೊದಲ ದಿನವೇ ಅದನ್ನು ಇಳಿಸಿಕೊಂಡವರು ತುಂಡು ತುಂಡು ಮಾಡಿ ಬೇರೆ ಬೇರೆ ಹೆಸರಲ್ಲಿ ಹಾಕಿದ್ದರು. ‘ಧಾರಾವಾಹಿಗಿಂತ ದೊಡ್ಡ ಗುಟ್ಟು’ ಎಂದು ಒಬ್ಬರು, ‘ಹರಿಹರದ ಅಸಲಿ ಕಥೆ’ ಎಂದು ಇನ್ನೊಬ್ಬರು. ಇವತ್ತಿನವರೆಗೆ ನನಗೆ ಸಿಕ್ಕ ಪ್ರತಿಗಳು ಮೂವತ್ತೊಂದು. ಬೇಡಿಕೊಂಡು ತೆಗೆಸಿದ್ದು ಇಪ್ಪತ್ತಾರು. ಇಬ್ಬರು ‘ನೋಡುತ್ತೇವೆ’ ಎಂದಿದ್ದಾರೆ. ಮೂವರು ಉತ್ತರ ಕೊಟ್ಟಿಲ್ಲ. ವಾಟ್ಸಾಪು ಗುಂಪುಗಳಲ್ಲಿ ಎಷ್ಟಿವೆಯೋ ಎಣಿಸುವ ದಾರಿ ನನಗೆ ತಿಳಿಯದು.

ಇದನ್ನು ಓದಿದವರಲ್ಲಿ ಯಾರಿಗಾದರೂ ಆ ಆರು ಸೆಕೆಂಡು ಎಲ್ಲಾದರೂ ಕಂಡಿದ್ದರೆ, ಅಥವಾ ಮುಂದೆ ಕಂಡರೆ, ದಯವಿಟ್ಟು ಇದನ್ನು ಪ್ರಕಟಿಸಿದವರ ಮೂಲಕ ನನಗೆ ಬರೆಯಿರಿ. ಯಾವ ಹೆಸರಲ್ಲಿ, ಎಲ್ಲಿ, ಯಾವ ದಿನ ನೋಡಿದಿರಿ ಎಂದಷ್ಟೇ ಸಾಕು. ವಿಡಿಯೋವನ್ನು ನನಗೆ ಕಳಿಸಬೇಡಿ, ಇನ್ನೊಬ್ಬರಿಗೂ ಕಳಿಸಬೇಡಿ. ನಿಲ್ಲಿಸಿ ನೋಡಬೇಡಿ.